ರನ್‌ಕಾರ್ನಿನ ಅಪ್ಪನಿಗೆ ಸಿಕ್ಕಿದ ರೋಮಿನ ಪತ್ರ

ಬ್ರಿಸ್ಬೇನಿನ ಒಂದು ವಿಶ್ವವಿದ್ಯಾಲಯದಲ್ಲಿ ನಾನಾಗ ಲ್ಯಾಟಿನ್ ಕಲಿಸುತ್ತಿದ್ದೆ. ಕನ್ನಡದವನಿಗೆ ಲ್ಯಾಟಿನ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿತ್ತು. ಅಂಥದ್ದರಲ್ಲಿ ಒಂದು ಸಂಜೆ ರನ್‌ಕಾರ್ನ್ ಬಡಾವಣೆಯ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಪೆಟ್ರೋಲ್ ಹಾಕಿಕೊಳ್ಳುತ್ತಿದ್ದಾಗ ನನ್ನ ವಿದ್ಯಾರ್ಥಿನಿ ಮೇಘಾಳ ತಂದೆ ಬಂದು ಅಡ್ಡ ನಿಂತರು. ಮೈಸೂರಿನ ಇಂಜಿನಿಯರ್. ಕೈಯಲ್ಲೊಂದು ಪ್ರಿಂಟ್‌ಔಟ್.

"ಏನ್ ಸಾರ್ ಇದು? ನನ್ ಮಗಳು ಮೇಷ್ಟ್ರನ್ನ 'ಮೈ ಹನಿ' ಅಂತ ಕರ್ದಿದ್ದಾಳೆ. ನೋಡ್ದೆ ಇದ್ರೆ ನಿದ್ದೇನೇ ಬರಲ್ವಂತೆ!"

ಪಕ್ಕದ ಪಂಪಿನಲ್ಲಿದ್ದ ಕನ್ನಡದ ಆಂಟಿಯೊಬ್ಬರು ತಿರುಗಿ ನೋಡಿದರು. ನನ್ನ ಕೆಲಸವೂ ಮಾನವೂ ಒಟ್ಟಿಗೇ ಹೋಯಿತೆನಿಸಿತು. ಅದು ರೋಮಿನ ರಾಜಕುಮಾರನೊಬ್ಬ ಮಂಡಿನೋವಿನಿಂದ ಮಲಗಿದ್ದ ತನ್ನ ಗುರುವಿಗೆ ಬರೆದ ಪತ್ರ, ಮೇಘಾ ಅನುವಾದ ಮಾಡಿದ್ದಾಳೆ ಅಷ್ಟೆ, ಅಂದೆ.

"ಅಂದ್ರೆ ಶಿಷ್ಯನೂ ಗಂಡುಹುಡುಗನೇನಾ?"

"ಹೌದು."

ಅವರ ಮುಖ ಇನ್ನಷ್ಟು ಗಂಟಾಯಿತು. "ಅವರಪ್ಪ ಏನೂ ಅನ್ಲಿಲ್ವಾ?"

"ಅವರಪ್ಪನೇ ಮೇಷ್ಟ್ರನ್ನ ಗೊತ್ತು ಮಾಡಿದ್ದು ಸಾರ್! ಎಲ್ಲರೂ ಸತ್ತು ಸಾವಿರಾರು ವರ್ಷ ಆಯ್ತು!"

ಕಾರಿನೊಳಗಿಂದ ಮೇಘಾ, "ಡ್ಯಾಡ್, ಇಟ್ಸ್ ಆನ್ ಅಸೈನ್‌ಮೆಂಟ್! ಪ್ಲೀಸ್ ಸ್ಟಾಪ್!" ಎಂದು ಕೂಗಿದಳು.

ಅವರು ಹಾಳೆಯನ್ನು ಮಡಚಿದರು. "ಗುರುಭಕ್ತಿ ಅಂತ ಮೊದಲೇ ಹೇಳ್ಬಾರ್ದಾ ಸಾರ್?" ಎಂದು ನನ್ನನ್ನೇ ಗದರಿ ಹೊರಟುಹೋದರು.

ಮರುದಿನ ಮೇಘಾಳ ಮೇಲ್ ಬಂತು. ಅಪ್ಪನ ಪರವಾಗಿ ಸಾರಿ ಕೇಳಿರಬೇಕೆಂದು ತೆರೆದೆ. ಒಂದೇ ಸಾಲು: "ಹೇ, ಅಸೈನ್‌ಮೆಂಟ್‌ಗೆ ಇನ್ನೆರಡು ದಿನ ಎಕ್ಸ್‌ಟೆನ್ಷನ್ ಸಿಗುತ್ತಾ?" ನನ್ನ ಹೆಸರು ಕೂಡ ಇರಲಿಲ್ಲ. ಆ ರಾಜಕುಮಾರನಾಗಿದ್ದರೆ ಮೇಷ್ಟ್ರ ಮಂಡಿನೋವನ್ನಾದರೂ ವಿಚಾರಿಸುತ್ತಿದ್ದ.