ಸುಣ್ಣಕಲ್ಲು ಗುಡ್ಡದ ಎಲೆ

ಎಲೆಯನ್ನು ಕಿವಿಯ ಹತ್ತಿರ ಹಿಡಿದು ಮಡಿಚುವುದು ನನ್ನ ಪಿಎಚ್‌ಡಿ ಗೈಡ್ ಆಗಿದ್ದ ಮೇಡಂ ಅವರ ಅಭ್ಯಾಸ. ಬಯಲಿನ ಮರದ ಎಲೆ ಸದ್ದಿಲ್ಲದೆ ಮಡಿಚಿಕೊಳ್ಳುತ್ತಿತ್ತು. ಸುಣ್ಣಕಲ್ಲಿನ ಗುಡ್ಡದಲ್ಲಿ ಬೆಳೆದ ಅದೇ ಬಗೆಯ ಮರದ ಎಲೆ ಹಪ್ಪಳದಂತೆ ಟಕ್ಕೆಂದು ಮುರಿಯುತ್ತಿತ್ತು. ಆಗ ಅವರ ಒಂದು ಹುಬ್ಬು ಮೇಲೇರುತ್ತಿತ್ತು. ಎಡದ್ದೋ ಬಲದ್ದೋ, ಈಗ ಆಣೆ ಮಾಡಿ ಹೇಳಲಾರೆ.

ಅವರದು ಉಡುಪಿ ಕಡೆಯಿಂದ ಮದರಾಸಿಗೆ ಬಂದು ಹೋಟೆಲು ಇಟ್ಟವರ ಮನೆ. ನಮ್ಮದು ರೈಲ್ವೆ ನೌಕರರ ಮನೆ. ಕಾಲೇಜಿನಲ್ಲಿ ಅವರದು ಎಲ್ಲರೊಡನೆ ತಮಿಳು, ಇಂಗ್ಲಿಷು. ನನ್ನೊಬ್ಬನ ಹತ್ತಿರ ಕನ್ನಡ, ಅದೂ ಬಯ್ಯುವುದಕ್ಕೆ. "ಎಂತ ಮಾರಾಯ, ಅಳೆಯದೆ ಬರೆದದ್ದಾ ಇದು?"

ಮದರಾಸಿನ ಕೋಯಂಬೇಡು ನಿಲ್ದಾಣದಲ್ಲಿ ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಆ ಗುಡ್ಡ ಸಿಗುತ್ತಿತ್ತು. ಸುಣ್ಣಕಲ್ಲು ಮಳೆನೀರನ್ನು ಹಿಡಿದಿಡುವುದಿಲ್ಲ. ಬಿದ್ದದ್ದು ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಅದಕ್ಕೇ ಅಲ್ಲಿನ ಮರಗಳ ಎಲೆ ಚಿಕ್ಕದು, ದಪ್ಪ, ಮೇಲೆ ಮೇಣದ ಪದರ. ಬೇರಿನಿಂದ ಏರಿದ ಹೆಚ್ಚಿನ ಸುಣ್ಣವನ್ನು ಎಲೆಯೊಳಗೇ ಹರಳಾಗಿಸಿ ಇಟ್ಟುಕೊಳ್ಳುತ್ತಿದ್ದವು.

ಒಂದು ಸಿಮೆಂಟ್ ಕಾರ್ಖಾನೆ ಆ ಗುಡ್ಡವನ್ನು ಕೇಳಿತು. ಉಳಿಸಲು ಹೊರಟ ನಮ್ಮ ಕೈಯಲ್ಲಿದ್ದ ವಾದ ಒಂದೇ: ಇಲ್ಲಿನ ಮರದ ಜಾತಿಯೇ ಬೇರೆ, ಇನ್ನೆಲ್ಲೂ ಬದುಕದು. ಮೇಡಂ ಅದನ್ನು ನಂಬಿದ್ದರು. ನಂಬಿದ್ದರಿಂದಲೇ ಪರೀಕ್ಷಿಸಿದರು. ಗುಡ್ಡದ ಬೀಜಗಳನ್ನು ಮಾಂಬಲದ ತಮ್ಮ ಮನೆಯ ತಾರಸಿಯ ಮೇಲೆ, ಕೆಂಪು ಮಣ್ಣಿನ ಕುಂಡಗಳಲ್ಲಿ ಬಿತ್ತಿದರು. ಗಿಡಗಳು ಅಗಲವಾದ, ಮೆತ್ತಗಿನ ಎಲೆ ಬಿಟ್ಟವು. ಸುಣ್ಣಕಲ್ಲಿನ ಚೂರು ತುಂಬಿದ ಕುಂಡಗಳಲ್ಲಿ ಮಾತ್ರ ಗುಡ್ಡದ ಎಲೆ. ಜಾತಿ ಒಂದೇ, ನೆಲಕ್ಕೆ ತಕ್ಕ ಎಲೆ, ಅಷ್ಟೆ.

ಸಾರ್ವಜನಿಕ ವಿಚಾರಣೆಯ ಹಿಂದಿನ ದಿನ ನಾನು ಹೇಳಿದೆ: "ಕುಂಡದ ವಿಷಯ ಯಾರಿಗೂ ಗೊತ್ತಿಲ್ಲ ಮೇಡಂ. ಕೇಳಿದರೆ ಮಾತ್ರ ಹೇಳಿ."

"ಕೇಳದಿದ್ದರೆ?"

"ಸುಮ್ಮನಿರಿ."

"ನಿನ್ನ ವೈವಾದಲ್ಲಿ ಹಾಗೆ ಸುಮ್ಮನೆ ಕೂತರೆ ನಾನು ಬಿಡ್ತೇನಾ?"

ಯಾರೂ ಕೇಳಲಿಲ್ಲ. ಅವರೇ ಹೇಳಿದರು. ಹೇಳುವ ಮೊದಲು ನನ್ನ ಕಡೆ ನೋಡಿದರೆಂದು ನೆನಪು. ನೋಡಲಿ ಎಂಬ ನನ್ನ ಆಸೆಯೇ ನೆನಪಾಗಿ ಉಳಿದಿರಲೂಬಹುದು. ಕಾರ್ಖಾನೆಯ ಅಧಿಕಾರಿಗೆ ನಗು ಬಂತು. "ಅಪ್ಪೊ ವೇರೆ ಎಡತ್ತಿಲೆ ನಟ್ಟುಡಲಾಮೇ ಮೇಡಂ" ಎಂದ. ಹಾಗಾದರೆ ಬೇರೆ ಕಡೆ ನೆಟ್ಟುಬಿಡಬಹುದಲ್ಲ ಎಂದು. ಮೇಡಂ ತಮಿಳಿನಲ್ಲೇ ಉತ್ತರಿಸಿದರು: ನೆಡಬಹುದು, ಮರ ಉಳಿಯುತ್ತದೆ, ಈ ಎಲೆ ಉಳಿಯುವುದಿಲ್ಲ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಗುಡ್ಡ ಸಿಮೆಂಟಾಯಿತು. ಜೊತೆಗೆ ಹೋರಾಡಿದವರು ಮೇಡಂ ಮನೆಗೆ ಬರುವುದನ್ನು ಬಿಟ್ಟರು. ಮೇಡಂ ತಪ್ಪು ಮಾಡಿದರೆಂದು ನಾನೂ ಕೆಲವು ವರ್ಷ ಅಂದುಕೊಂಡಿದ್ದೆ. ಈಗಲೂ ಗಟ್ಟಿಯಾಗಿ ಇಲ್ಲ ಎನ್ನಲಾರೆ.

ಹೋದ ವರ್ಷ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವರ ದನಿ ಇಳಿದುಹೋಗಿತ್ತು.

"ನೀನು ಆಚೆ ಹೋಗಿದ್ದಿಯಂತೆ. ಗುಡ್ಡದಲ್ಲಿ ಈಗ ಎಂತ ಉಂಟು?"

"ಹೊಂಡ, ಮೇಡಂ."

"ಅಂಚಿನಲ್ಲಾದರೂ ಎಂತಾದರೂ ಚಿಗುರಿದ್ದುಂಟಾ?"

ಒಂದು ಚಿಗುರನ್ನು ಕಟ್ಟಿ ಹೇಳುವುದು ಎಷ್ಟು ಸುಲಭವಿತ್ತು. ಅವರು ಅದನ್ನು ಪರೀಕ್ಷಿಸಲು ಏಳುವಂತಿರಲಿಲ್ಲ.

"ಇಲ್ಲ" ಎಂದೆ.

"ಸರಿಯಾಗಿ ನೋಡಿದ್ಯಾ?"

"ಸುತ್ತಲೂ ನಡೆದು ನೋಡಿದೆ."

ಅವರು ತಲೆಯಾಡಿಸಿ ಗೋಡೆಯ ಕಡೆಗೆ ಹೊರಳಿದರು. ಆ ವಾರವೇ ಹೋದರು.

ಅವರ ಬಗೆಗಿನ ನನ್ನ ಉಳಿದ ನೆನಪುಗಳನ್ನೆಲ್ಲ ಅನುಮಾನಿಸುತ್ತೇನೆ. ಆ "ಇಲ್ಲ" ಎಂಬುದನ್ನು ಮಾತ್ರ ನಾನು ಹೇಳಿದ್ದು ನಿಜ. ಅದನ್ನು ಹೇಳುವುದಕ್ಕೆ ನನ್ನನ್ನು ತಯಾರು ಮಾಡಿದವರು ಅವರೇ.