ಅರ್ಧ ಓಡಿದ ರೀಲು

ಹೊಸನಗರದಲ್ಲಿ ನಮ್ಮ ಸ್ಟುಡಿಯೊ ಇದ್ದಾಗಲೂ, ಅದನ್ನು ಮುಚ್ಚಿ ನಿಟ್ಟೂರಿಗೆ ಬಂದ ಮೇಲೂ ನಮ್ಮನೆಯವರ ಹತ್ತಿರ ಇದ್ದದ್ದು ಒಂದೇ ಕ್ಯಾಮೆರಾ. ರೀಲು ಮಾತ್ರ ಯಾವಾಗಲೂ ಎರಡು. ಬಣ್ಣದ್ದು ಅರ್ಧ ಓಡಿರುವಾಗ ಕಪ್ಪು-ಬಿಳುಪು ಬೇಕೆನಿಸಿದರೆ, ಇದ್ದದ್ದನ್ನು ಹಿಂದಕ್ಕೆ ಸುತ್ತುವರು. ಸುತ್ತುವಾಗ ನಾನು ಉಸಿರೆತ್ತುವಂತಿಲ್ಲ. ತುದಿ ಕಳಚಿದ ಸಣ್ಣ ಸದ್ದಿಗೆ ಕೈ ನಿಲ್ಲಿಸಬೇಕು, ಇಲ್ಲವಾದರೆ ಫಿಲ್ಮಿನ ನಾಲಗೆ ಡಬ್ಬಿಯೊಳಗೆ ಹೋಗಿ, ರೀಲನ್ನು ಮತ್ತೆ ಹಾಕಲು ಬರುವುದಿಲ್ಲ. ಆಮೇಲೆ ಎಷ್ಟು ಫೋಟೊ ಆಗಿದೆ ಎಂದು ಚೀಟಿ ಬರೆದು ರೀಲಿಗೆ ಅಂಟಿಸುವರು.

ಅದನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿದಾಗ, ಲೆನ್ಸಿನ ಮುಚ್ಚಳ ತೆಗೆಯದೆ ಅಷ್ಟು ಸಲ ಸುಮ್ಮನೆ ಕ್ಲಿಕ್ ಮಾಡಿ ಹಳೆಯದನ್ನೆಲ್ಲ ದಾಟಿಸುವುದು ನನ್ನ ಕೆಲಸ.

"ಎರಡು ಜಾಸ್ತಿನೇ ಬಿಡು ಮಾರಾಯ್ತಿ. ಫಿಲ್ಮ್ ಹೋದ್ರೆ ಇನ್ನೊಂದ್ ತರ್ಬಹುದು, ಮುಖ ಹೋದ್ರೆ ಎಲ್ಲಿಂದ ತರೋದು?" ಎನ್ನುವರು. ಪ್ರತಿ ಸಲವೂ, ಹೊಸದಾಗಿ ಹೇಳುವವರ ಹಾಗೆ.

ಒಮ್ಮೆ ನನ್ನ ಎಣಿಕೆ ತಪ್ಪಿತು. ಹುಂಚದಲ್ಲಿ ನಾನು ತೆಗೆದ ಅವರ ಫೋಟೊದ ಮೇಲೆ, ಮಂಡಗದ್ದೆಯಲ್ಲಿ ಅವರು ತೆಗೆದ ನನ್ನ ಫೋಟೊ ಬಂದು ಕೂತಿತ್ತು. ನನ್ನ ಮುಖ ಅವರ ಹೆಗಲ ಮೇಲೆ, ಅವರ ತಲೆಯ ತುಂಬಾ ಹಕ್ಕಿ ಕೂತ ಮರ. ನಾನು ನಕ್ಕೆ, ಅವರು ನಗಲಿಲ್ಲ. "ಲೆಕ್ಕ ಮಾಡೋಕೂ ಬರಲ್ವಾ ನಿಂಗೆ?" ಎಂದರು. ಸಿಟ್ಟಿನಲ್ಲಿ ಆ ಫೋಟೊವನ್ನೂ ನೆಗೆಟಿವನ್ನೂ ಹಂಡೆಯ ಒಲೆಗೆ ಹಾಕಿದೆ. ಇಂದಿಗೂ ನನ್ನ ಆ ಕೈಯನ್ನು ಕ್ಷಮಿಸಿಲ್ಲ.

ಹೋದ ವರ್ಷ ಸಾಗರದ ಆಸ್ಪತ್ರೆಗೆ ಹೊರಟ ಬೆಳಿಗ್ಗೆ, ನಿಟ್ಟೂರಿನ ಬಸ್ ಸ್ಟಾಪಿನ ಕಲ್ಲುಬೆಂಚಿನಲ್ಲಿ ಮಫ್ಲರ್ ಸುತ್ತಿ ಕೂತ ಅವರದ್ದೊಂದು ಫೋಟೊ ತೆಗೆದೆ. ಅದು ಹನ್ನೊಂದನೆಯದು. ಸಂಜೆ ವಾಪಸು ಬಂದವರು, ಪಕ್ಕದ ಮನೆಯ ಕರುವಿಗೆ ಕಪ್ಪು-ಬಿಳುಪೇ ಚೆಂದ ಎಂದು ರೀಲು ಬದಲಿಸಿದರು. ದೀಪಾವಳಿಗೆ ಅವರೇ ಇರಲಿಲ್ಲ.

ಈ ವರ್ಷ ಕಪಾಟಿನಲ್ಲಿ ಆ ರೀಲು ಸಿಕ್ಕಿತು. ಚೀಟಿಯಲ್ಲಿ ಅವರ ಅಕ್ಷರದ ೧೧. ತೀರ್ಥಹಳ್ಳಿಯಿಂದ ಬಂದಿದ್ದ ಮಗಳು, "ಅಮ್ಮಾ, ಹತ್ತಕ್ಕೇ ನಿಲ್ಸು. ನಿನ್ ಫೋಟೊ ಅಪ್ಪನ ಮೇಲೇ ಬರ್ಲಿ, ಆಗಿನ ಹಾಗೆ" ಎಂದಳು. ಆಸೆ ಹತ್ತಿಕೊಂಡಿತು. ಆದರೆ ಅದು ಅವರ ಕೊನೆಯ ಫೋಟೊ. ನನ್ನ ಬೆಳಕು ಬಿದ್ದು ಅವರ ಮುಖವೇ ಅಳಿಸಿಹೋದರೆ?

ಅದೇ ಬೆಂಚಿನಲ್ಲಿ ಕೂತು, ಮುಚ್ಚಳ ಹಾಕಿ ಎಣಿಸಿದೆ. ಹತ್ತಕ್ಕೆ ಬೆರಳು ನಿಂತಿತು. ಬಸ್ಸೊಂದು ಬಂದು ಜನರನ್ನು ಇಳಿಸಿ ಹೋಯಿತು, ಬೆರಳು ಅಲ್ಲೇ ಇತ್ತು. ಆಮೇಲೆ ಹನ್ನೊಂದು ಒತ್ತಿದೆ. ಅವರ ಮಾತಿನಂತೆ ಹನ್ನೆರಡು, ಹದಿಮೂರು. ಮುಚ್ಚಳ ತೆಗೆದು ಕ್ಯಾಮೆರಾವನ್ನು ಮಗಳ ಕೈಗೆ ಕೊಟ್ಟೆ.

ರೀಲು ತೊಳೆಯುವವರು ಈಗ ಇಲ್ಲಿ ಯಾರೂ ಇಲ್ಲ. ಕತ್ತರಿಸಬೇಡಿ ಎಂದು ಬರೆದು ಬೆಂಗಳೂರಿಗೆ ಕಳಿಸಿದ್ದೆವು. ಅಂಚೆಯಲ್ಲಿ ಬಂದ ನೆಗೆಟಿವನ್ನು ಕಿಟಕಿಗೆ ಹಿಡಿದೆ. ಹನ್ನೊಂದನೆಯ ಚೌಕದಲ್ಲಿ ಬೆಂಚಿನ ಆ ತುದಿಗೆ ಅವರು, ಒಂದಿಷ್ಟೂ ಮಸುಕಾಗಿಲ್ಲ. ಹದಿನಾಲ್ಕನೆಯದರಲ್ಲಿ ಈ ತುದಿಗೆ ನಾನು, ಪಕ್ಕದಲ್ಲಿ ಜಾಗ ಬಿಟ್ಟೇ ಕೂತಿದ್ದೇನೆ. ನಮ್ಮಿಬ್ಬರ ನಡುವೆ ಎರಡು ಖಾಲಿ ಚೌಕ.

"ಒಂದು ಬಿಟ್ಟಿದ್ರೆ ಸಾಕಿತ್ತಲ್ರೀ," ಎಂದೆ.