ನೀಲವ್ವನ ಗಂಡನ ಎರಡು ಚಿತ್ರಗಳು

ನೀಲವ್ವ, ನಿನ್ನ ಗೋಡೆಯ ಮೇಲಿರುವುದು ನಕಲು. ನಿನ್ನ ಗಂಡನ ನಿಜವಾದ ಚಿತ್ರವನ್ನು ಇಷ್ಟು ವರ್ಷವೂ ನಾನೇ ಇಟ್ಟುಕೊಂಡಿದ್ದೇನೆ — ನಿನಗೆ ಹೇಳದೆ.

೧೯೪೮ರಲ್ಲಿ ನಾನು ಆಳಂದದಲ್ಲಿ ಕೂತು ಸೊಲ್ಲಾಪುರದ ಅಚ್ಚುಕೂಟವೊಂದಕ್ಕೆ ಮಕ್ಕಳ ಪುಸ್ತಕದ ಚಿತ್ರ ಬರೆಯುತ್ತಿದ್ದೆ. ರೈತ ಎಂದರೆ ರುಮಾಲು, ಮೀಸೆ, ಎರಡು ಸಮ ಕಣ್ಣು. ಯಾರನ್ನೂ ನೋಡದೆಯೇ ಬರೆದು ಬಿಸಾಕುತ್ತಿದ್ದೆ. ಬಣ್ಣದ ಹುಚ್ಚು ಹತ್ತಿದ್ದು ಸ್ವಲ್ಪಸ್ವಲ್ಪವಾಗಿ — ಮೊದಲು ಪುಸ್ತಕದ ಹೊದಿಕೆ, ಆಮೇಲೆ ಯಾರೂ ಕೇಳದ ಹೊಲ, ಬಾವಿ. ಮನುಷ್ಯರ ಮುಖಕ್ಕೆ ಮಾತ್ರ ಕೈ ಹಾಕಿರಲಿಲ್ಲ.

ಆಗ ನೀನು ಮಟಕಿ ಹಳ್ಳಿಯಿಂದ ಬಂದೆ. ದಂಗೆ-ಗದ್ದಲದ ದಿನಗಳಲ್ಲಿ ನೀವು ಊರು ಬಿಟ್ಟು ಓಡಿಹೋದಾಗ ನಿನ್ನ ಗಂಡ ಜ್ವರದಿಂದ ತೀರಿಕೊಂಡಿದ್ದ. ಅವನದೊಂದು ಫೋಟೋ ಕೂಡ ಇರಲಿಲ್ಲ.

"ಅವರ ಮಾರಿ ಮರ್ತ್ ಹೋಗಾಕತ್ತದ್ರಿ ಅಣ್ಣಾರ," ಅಂದೆ ನೀನು. "ನಾ ಹೇಳ್ತೇನಿ, ನೀವ್ ಬರೀರಿ."

ನೀನು ಹೇಳುತ್ತ ಹೋದೆ, ನಾನು ಅಳಿಸುತ್ತ ಬರೆಯುತ್ತ ಹೋದೆ. "ಎಡಗಣ್ಣು ಜರಾ ಸಣ್ಣ ಮಾಡ್ರಿ, ಬಿಸಿಲಾಗ ನಿಂತವರ ಗತೆ." ಮಾಡಿದೆ. ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ — ಅಬ್ಬಾ, ಆ ಕ್ಷಣ! ನಾನೊಬ್ಬ ಕಲಾವಿದ ಎಂದು ನನಗೆ ಗೊತ್ತಾದದ್ದು ಆವತ್ತೇ.

ಬಣ್ಣ ಒಣಗಲಿ ಎಂದು ನಿನ್ನನ್ನು ಕಳಿಸಿದೆ. ಕೊಡಲು ಮನಸ್ಸೇ ಬರಲಿಲ್ಲ. ಅವಸರದಲ್ಲಿ ಇನ್ನೊಂದು ಬರೆದೆ — ಕೈ ಹಳೆಯ ಚಾಳಿಗೆ ಬಿತ್ತು, ಅದೇ ಎರಡು ಸಮ ಕಣ್ಣು. ಅದನ್ನೇ ನಿನ್ನ ಕೈಗಿಟ್ಟೆ. ನೀನು ಬಹಳ ಹೊತ್ತು ನೋಡಿ, "ಇವರು ನನ್ನ ನೋಡವಲ್ರಲ್ರಿ," ಅಂದೆ.

"ಬಣ್ಣ ಪೂರಾ ಆರಿದ ಮ್ಯಾಲ ಸರಿ ಆಗ್ತದ, ತಂಗಿ." ಇದು ನಾನು ಹೇಳಿದ ಸುಳ್ಳು.

ಆ ಮೊದಲ ಚಿತ್ರ ನನ್ನನ್ನು ಊರೂರು ತಿರುಗಿಸಿತು. ದೊಡ್ಡ ಊರುಗಳ ಚಿತ್ರಪ್ರದರ್ಶನಗಳಲ್ಲಿ ಜನ ಅದರ ಮುಂದೆ ಗುಂಪುಗೂಡಿದರು. ಹೆಮ್ಮೆ ಇತ್ತು, ಇವತ್ತಿಗೂ ಇದೆ — ಸುಳ್ಳೇಕೆ ಹೇಳಲಿ? ಅದಕ್ಕಿಂತ ಒಳ್ಳೆಯದನ್ನು ಈ ಕೈ ಮತ್ತೆ ಬರೆಯಲಿಲ್ಲ.

ಮೊನ್ನೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಟಕಿಗೆ ಬಂದೆ. ನೀನು ನಕಲಿಗೆ ಹೂ ಏರಿಸುತ್ತಿದ್ದೆ. ಕೊಟ್ಟುಬಿಡೋಣ ಎಂದು ನಿನ್ನೆದುರು ಬಿಚ್ಚಿ ಹಿಡಿದೆ. ಹತ್ತಿರ ಬಂದು ನೋಡಿದೆ ನೀನು.

"ಭಾಳ ಚಂದ ಬರದೀರಿ ಅಣ್ಣಾರ. ಯಾರ್ರಿ ಇವರು?"

ಆ ಹೊಗಳಿಕೆಗೂ — ನಾಚಿಕೆಗೆಟ್ಟವನು ನಾನು — ಒಂದು ಗಳಿಗೆ ಎದೆ ಉಬ್ಬಿತು. ಆಮೇಲೆ ಚಿತ್ರ ಸುತ್ತಿಕೊಂಡು ಎದ್ದು ಬಂದುಬಿಟ್ಟೆ.

ಯಾರೆಂದು ಕೇಳಿದೆಯಲ್ಲ — ನಿನ್ನ ಗಂಡ, ನೀಲವ್ವ.